ಕಾಳ್ಯಾನ ಪಾಲಿನ ರೊಟ್ಟಿ

ಅಂದು ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಸುರುವಾಯಿತು. ಅತ್ತೆಯವರು ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿಕೊಂಡು, ಹಣೆಯ ವಿಭೂತಿ ಒಣಗುವ ಮೊದಲೇ ಒಲೆಯ ಮುಂದೆ ಬಂದು ಕುಳಿತರು. ಗ್ಯಾಸಿನ ಒಲೆಯನ್ನೂ ನೆಲದ ಮೇಲೆಯೇ ಇಡಿಸಿಕೊಂಡವರು ಅವರು. ನಿಂತುಕೊಂಡು ಬಡಿದ ರೊಟ್ಟಿಗೆ ರುಚಿ ಇರುವುದಿಲ್ಲವಂತೆ. ಅವರ ಕೈಯಲ್ಲಿ ಜೋಳದ ಹಿಟ್ಟು ಪಟಪಟ ಅಗಲವಾಗುತ್ತಿತ್ತು. ನಾನು ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತ, ಇವತ್ತು ಮೊದಲು ವಿಶ್ರಾಮಬಾಗಕ್ಕೆ ಹೋಗಲೋ ಮಿರಜಕ್ಕೆ ಹೋಗಲೋ ಎಂದು ಸ್ಕೂಟರಿನ ದಾರಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಮ್ಮವರು ಚಹಾ ಬಸಿಯಲ್ಲಿ ಹಾಕಿಕೊಂಡು ಸುರ್ ಎಂದು ಕುಡಿದು ಅಂಗಡಿಗೆ ಹೊರಟರು.

ಎಲ್ಲರ ರೊಟ್ಟಿ ಆದ ಮೇಲೆ ಹಿಟ್ಟು ನಾದುವ ಪರಾತಕ್ಕೆ ಅಂಟಿದ ಹಿಟ್ಟನ್ನು ಅತ್ತೆ ಬೆರಳಿನಿಂದ ಬಳಿದು ಒಂದು ಉಂಡೆ ಮಾಡುತ್ತಾರೆ. ಅದರಿಂದ ಆಗುವುದು ಒಂದು ಚಿಕ್ಕ ರೊಟ್ಟಿ. ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪನೆಯದು, ಅಂಚು ಸೀಳಿದ್ದು. ಅದು ನಾಯಿಯ ಪಾಲು. ಆ ರೊಟ್ಟಿ ಹಂಚಿನಿಂದ ಇಳಿದ ಮೇಲೆಯೇ ಒಲೆ ಆರಬೇಕು. ಅದನ್ನು ಹಿಡಿದುಕೊಂಡು ಅತ್ತೆ ಬಾಗಿಲಿಗೆ ಹೋಗಿ "ಕಾಳ್ಯಾ, ಯೂ ಯೂ" ಎಂದು ಕರೆಯಬೇಕು, ಆಮೇಲೆ ಕೈ ತೊಳೆದು ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು.

ಈಗಿನ ಕಾಳ್ಯಾ ಕಪ್ಪಗಿಲ್ಲ. ಬೆಲ್ಲದ ಬಣ್ಣದವನು. ಆದರೆ ನಮ್ಮ ಓಣಿಯಲ್ಲಿ ಕಾಳ್ಯಾ ಎಂಬುದು ನಾಯಿಯ ಹೆಸರಲ್ಲ, ಅದೊಂದು ಹುದ್ದೆ. ಒಂದು ಕಾಳ್ಯಾ ಹೋದರೆ ಓಣಿಗೆ ಬಂದು ನೆಲೆಸುವ ಇನ್ನೊಂದು ನಾಯಿ, ಅದರ ಬಣ್ಣ ಯಾವುದೇ ಇರಲಿ, ಕಾಳ್ಯಾ ಆಗುತ್ತದೆ. ಎಲ್ಲ ಕಾಳ್ಯಾಗಳಿಗೂ ಒಂದೇ ರೂಢಿ. ರೊಟ್ಟಿಯನ್ನು ಬಾಯಲ್ಲಿ ಹಗುರಾಗಿ ಕಚ್ಚಿಕೊಂಡು, ಬಾಲ ಒಮ್ಮೆ ಅಲ್ಲಾಡಿಸಿ, ಓಣಿಯ ತಿರುವಿನಲ್ಲಿ ಮರೆಯಾಗುವುದು. ನಮ್ಮ ಎದುರಿಗೆ ಒಂದು ತುತ್ತೂ ತಿನ್ನುವುದಿಲ್ಲ. ಅದರ ಬಗ್ಗೆ ಅತ್ತೆಗೆ ಭಾರಿ ಅಭಿಮಾನ.

"ಮಾನವಂತ ನಾಯಿ ಅದ. ಮಂದಿ ಮುಂದ ಬಾಯಿ ಆಡಸೂದಿಲ್ಲ" ಎನ್ನುವರು. ನಡುಮನೆಯಲ್ಲಿ ತಾಟು ಹಿಡಿದು ಟಿ.ವಿ. ನೋಡುತ್ತ ಉಣ್ಣುವ ಮಗನ ಕಡೆಗೆ ಓರೆನೋಟ ಬೀರುತ್ತ ಹೇಳುವ ಮಾತು ಇದು.

ಅಂದು ಬೆಳಿಗ್ಗೆ ಮಾತ್ರ ಅತ್ತೆ ಬಾಗಿಲಿಗೆ ಹೋದವರು ರೊಟ್ಟಿಯನ್ನು ಹಿಡಿದುಕೊಂಡೇ ಒಳಗೆ ಬಂದರು. ಸುಮಾರು ಒಂದು ತಿಂಗಳಿಂದ ಕಾಳ್ಯಾ ರೊಟ್ಟಿ ಮುಟ್ಟುತ್ತಿರಲಿಲ್ಲ. ಕಾಳ್ಯಾ ಬರುತ್ತಾನೆ, ರೊಟ್ಟಿ ಮೂಸುತ್ತಾನೆ, ಮುಖ ತಿರುಗಿಸಿ ನನ್ನ ಸ್ಕೂಟರಿನ ಕಡೆಗೆ ನೋಡುತ್ತ ಕೂಡುತ್ತಾನೆ. ಇಷ್ಟು ದಿನ ಅತ್ತೆ ಆ ರೊಟ್ಟಿಯನ್ನು ಅವನ ಮುಂದೆಯೇ ಇಟ್ಟು ಬರುತ್ತಿದ್ದರು, ಅದನ್ನು ಕಾಗೆಗಳು ಒಯ್ಯುತ್ತಿದ್ದವು. ಅಂದು ಅದನ್ನು ತಂದು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟರು.

"ವಿದ್ಯಾ, ನಾಳಿಂದ ನಾಯಿ ರೊಟ್ಟಿ ಬಡಿಯಾಂಗಿಲ್ಲ ನಾ."

ಒಲೆ ಒರೆಸುತ್ತಿದ್ದ ನನ್ನ ಕೈ ನಿಂತಿತು. "ಹಂಗ್ಯಾಕ ಅಂತೀರಿ ಅತ್ತಿ? ಸುಟ್ಟಿ ಮಾಡ್ಯಾನ ಅಂತ ತಿಳಕೋರಿ. ಬರತಾನ ಹಾದಿಗೆ."

"ನಿನ್ನ ಆ ಕಾಳು ತಿಂದ ಬಾಯಿಗೆ ನನ್ನ ರೊಟ್ಟಿ ಯಾಕ ಬೇಕು? ಇರಲಿ ಬಿಡು. ಅದರ ಮರ್ಜಿ."

ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅತ್ತೆ ಸಿಟ್ಟಿನಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಕೇಳಲಿಕ್ಕೂ ಮಜಾ ಇರುತ್ತದೆ. ಇದನ್ನು ಮೆಲ್ಲಗೆ ಹೇಳಿ, ಪರಾತ ತೊಳೆಯಲು ಎದ್ದುಬಿಟ್ಟರು. ಆಮೇಲೆ ನಳದ ಸಪ್ಪಳದ ನಡುವೆ, ನನಗೋ ಪಾತ್ರೆಗೋ ಎಂಬಂತೆ ಇನ್ನೊಂದು ಮಾತು ಹೇಳಿದರು.

"ನಾ ಈ ಮನಿಗೆ ಬಂದಾಗ ಹದಿನಾರು ಮಂದಿ ಉಣ್ಣಾವರು. ನಮ್ಮತ್ತಿ ಹೇಳಿದ್ಲು, ನಾಯಿ ರೊಟ್ಟಿ ಬಡದಿ ಅಂದ್ರ ನಿನ್ನ ಕೆಲಸ ಮುಗೀತು, ಆಮ್ಯಾಲೆ ಕುಂಡ್ರು ಅಂತ. ಅವತ್ತಿಂದ ಅದನ್ನ ಬಡದ ಮ್ಯಾಲೇ ಕುಂತೀನಿ. ಈಗ ಅದ ಇಲ್ಲಂದ್ರ ಅಡಗಿ ಮುಗೀತು ಅನ್ನೂದ ಹೆಂಗ ತಿಳೀಬೇಕು?"

ಈಗ ಉಣ್ಣುವವರು ನಾವು ಮೂವರೇ.

ನೀವು ಕೇಳಬಹುದು, ನಿನ್ನ ಕಾಳು ಎಂದರೆ ಯಾವ ಕಾಳು ಅಂತ. ಹೇಳುತ್ತೇನೆ. ನಾನೊಂದು ಸಣ್ಣ ವ್ಯಾಪಾರ ಮಾಡುತ್ತೇನೆ. ಸಾಂಗಲಿ-ಮಿರಜದಲ್ಲಿ ಸಾಕಿದ ನಾಯಿ-ಬೆಕ್ಕುಗಳ, ಕಾಳಿನ ಹಾಗೆ ಇರುವ ಒಣ ತಿನಿಸನ್ನು ಸ್ಕೂಟರಿನ ಮೇಲೆ ಮನೆಮನೆಗೆ ಮುಟ್ಟಿಸುತ್ತೇನೆ. ಬೆಳಗಿನ ಅಡಿಗೆ ಆದ ಮೇಲೆ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ಮರಳುವಷ್ಟು ಮಾತ್ರ. ವ್ಯಾಪಾರ ಎನ್ನಲು ಇನ್ನೂ ನಾಚಿಕೆಯೇ. ಯಾರಾದರೂ ಕೇಳಿದರೆ "ಹಿಂಗ ಸುಮ್ನ" ಎಂದುಬಿಡುತ್ತೇನೆ.

ಇದು ಸುರುವಾದದ್ದೂ ಹಿಂಗ ಸುಮ್ನ. ನಮ್ಮದು ಮೊದಲಿನಿಂದ ದನಗಳ ಹಿಂಡಿ, ಹೊಟ್ಟಿನ ಅಂಗಡಿ. ಯಾವನೋ ಏಜಂಟ ಬಂದು, ಈಗ ಎಮ್ಮೆ ಸಾಕುವವರಿಗಿಂತ ನಾಯಿ ಸಾಕುವವರೇ ಹೆಚ್ಚು ಎಂದು ನಮ್ಮವರ ತಲೆ ತಿಂದು, ನಾಯಿ ತಿನಿಸಿನ ಚೀಲಗಳನ್ನು ಅಂಗಡಿಯಲ್ಲಿ ಇಳಿಸಿ ಹೋದ. ಚೀಲದ ಮೇಲೆ ಹಲ್ಲು ಕಿರಿದ ದೊಡ್ಡ ನಾಯಿಯ ಚಿತ್ರ. ಸಾಂಗಲಿವಾಡಿಯಿಂದ ಸೇತುವೆ ದಾಟಿ ಹಿಂಡಿಗೆ ಬರುವ ರೈತರು ಅದನ್ನು ನೋಡಿ, "ಸಾವಕಾರ, ಇದನ್ನ ತಿಂದ್ರ ಎಷ್ಟ ಹಾಲ ಕೊಡತೈತ್ರಿ ನಾಯಿ?" ಎಂದು ನಕ್ಕು ಹೋಗುತ್ತಿದ್ದರು. ಚೀಲಗಳು ಅಲ್ಲೇ ಉಳಿದವು. ವಿಶ್ರಾಮಬಾಗದ ಫ್ಲ್ಯಾಟುಗಳಲ್ಲಿ ಇರುವ ನನ್ನ ಗೆಳತಿಯರ ಮನೆಯ ನಾಯಿಗಳಿಗೆ ಆ ತಿನಿಸು ಬೇಕಾಗಿತ್ತು, ಆದರೆ ಅವರು ಹಿಂಡಿ ಅಂಗಡಿಯ ಧೂಳಿಗೆ ಬರುವವರಲ್ಲ. ನಾನು ಒಂದು ದಿನ ಒಂದು ಚೀಲವನ್ನು ಸ್ಕೂಟರಿನಲ್ಲಿ ಒಯ್ದು ಕೊಟ್ಟು ಬಂದೆ. ಅಷ್ಟೇ ನೋಡಿ.

ನಮ್ಮವರು ಬೇಡ ಎನ್ನಲಿಲ್ಲ. "ಎಮ್ಮಿಗೆ ಹಾಕಿ ಬದುಕಿದ ಮನಿತನ. ನಾಯಿಗೆ ಹಾಕಿದ್ರ ಏನ್ ತಪ್ಪು?" ಎಂದರು. ಆದರೆ ಚೀಲಗಳನ್ನು ಮನೆಗೆ ತಂದಿಟ್ಟುಕೊಳ್ಳುವ ಮಾತು ಬಂದಾಗ ಅತ್ತೆ ಅಡ್ಡ ನಿಂತರು. ನಮ್ಮದು ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆ, ಮೊಟ್ಟೆಯ ಹೆಸರು ನಡೆಯುವುದಿಲ್ಲ ಎನ್ನುವ ಮನೆ.

"ಅದರಾಗ ಏನೇನ ಹಾಕ್ಯಾರ, ಓದು ನೋಡೂನು. ಇಂಗ್ಲಿಷ್ ಸಾಲಿ ಕಲತೀದಿ."

ನಾನು ಚೀಲದ ಹಿಂದೆ ಬರೆದದ್ದನ್ನು ಓದತೊಡಗಿದೆ. "ಗೋವಿನಜೋಳ, ಅಕ್ಕಿ, ಸೋಯಾ..." ಅಲ್ಲಿ ಬಂದದ್ದು ಕೋಳಿಯ ಮಾಂಸ. ನಾನು ಕೆಮ್ಮಿದೆ. "...ಬೀಟ್‌ರೂಟು, ಎಣ್ಣೆ, ಉಪ್ಪು."

ಅತ್ತೆ ಕಣ್ಣು ಕಿರಿದು ಮಾಡಿದರು. "ಈಗ ನೀ ಕೆಮ್ಮಿದ ಜಾಗಾದಾಗ ಏನ್ ಬರದಾರ, ಅದನ್ನ ಓದು."

ಓದಲೇಬೇಕಾಯಿತು. ಆಮೇಲೆ ಒಂದು ತೀರ್ಪು ಬಂತು. ಚೀಲಗಳು ಹೊಸ್ತಿಲು ದಾಟಬಾರದು, ಹೊರಗೆ ಜಿನೆಯ, ಅಂದರೆ ಮಾಳಿಗೆ ಮೆಟ್ಟಿಲಿನ, ಕೆಳಗೆ ಇರಬೇಕು, ಮುಟ್ಟಿದ ಕೈಯನ್ನು ಹೊರಗಿನ ನಳದಲ್ಲಿ ತೊಳೆದೇ ಒಳಗೆ ಬರಬೇಕು. "ನಾಯಿ ಹುಲ್ಲ ತಿನ್ನೂದಿಲ್ಲ ಅನ್ನೂದು ನನಗೂ ಗೊತ್ತೈತಿ. ಆದ್ರ ನಾಯಿ ಊಟ ನಾಯಿ ಹಂತ್ಯಾಕ ಇರಬೇಕು, ನನ್ನ ಒಲಿ ಹಂತ್ಯಾಕ ಅಲ್ಲ." ನನಗೆ ಅದು ನ್ಯಾಯವೆಂದೇ ಅನ್ನಿಸಿತು. ಕೃಷ್ಣೆಯ ನೀರು ಒಮ್ಮೆ ಜಿನೆಯ ಮೂರನೆಯ ಮೆಟ್ಟಿಲಿಗೆ ಬಂದ ಕಲೆ ಇನ್ನೂ ಗೋಡೆಯ ಮೇಲಿದೆ. ಆ ಕಲೆಗಿಂತ ಮೇಲಕ್ಕೆ, ಚೀಲ ಇಡಲು, ಒಂದು ಹಲಗೆ ಹೊಡೆಸಿಕೊಟ್ಟವರೂ ಅತ್ತೆಯೇ.

ಇನ್ನು ಕಾಳ್ಯಾ ಕೆಟ್ಟದ್ದು ಹೇಗೆಂದರೆ, ಒಂದು ದಿನ ಚೀಲವೊಂದನ್ನು ಇಲಿ ಕಡಿದಿತ್ತು. ಗಿರಾಕಿಗೆ ಕೊಡುವಂತಿರಲಿಲ್ಲ. ಚೆಲ್ಲಲು ಮನಸ್ಸು ಬರಲಿಲ್ಲ. ವ್ಯಾಪಾರಸ್ಥರ ಮನೆಯ ಸೊಸೆಗೆ ಇದೊಂದು ರೋಗ. ದಿನಕ್ಕೆ ಒಂದೊಂದೇ ಮುಷ್ಟಿ ಕಾಳ್ಯಾನ ಮುಂದೆ ಸುರಿಯುತ್ತ ಬಂದೆ. ಹಾಕಿದ್ದೂ ಎಲ್ಲಿ? ಅತ್ತೆ ರೊಟ್ಟಿ ಕೊಡುವ ಅದೇ ಬಾಗಿಲಲ್ಲಿ, ಅದೇ ಹೊತ್ತಿನಲ್ಲಿ. ಅವನು ನಮ್ಮೆದುರೇ, ಮಾನ ಮರ್ಯಾದೆ ಎಲ್ಲ ಬಿಟ್ಟು, ಕಟಕಟ ಕಡಿದು ತಿಂದ. ಚೀಲ ಮುಗಿಯುವ ಹೊತ್ತಿಗೆ ಅವನಿಗೆ ರೊಟ್ಟಿ ಎಂದರೆ ಏನೆಂಬುದೇ ಮರೆತಂತಿತ್ತು. ನಾನು ಹಾಕುವುದನ್ನು ನಿಲ್ಲಿಸಿ ವಾರವಾಗಿತ್ತು, ಅವನ ಕಣ್ಣು ಮಾತ್ರ ಸ್ಕೂಟರಿನ ಮೇಲಿಂದ ಕದಲಿರಲಿಲ್ಲ.

ಅಂದು ನಾನು ಹೊರಡುವಾಗ ಆ ರೊಟ್ಟಿ ಡಬ್ಬಿಯ ಮೇಲೆ ಒಂಟಿಯಾಗಿ ಕುಳಿತಿತ್ತು. ನೋಡಿ ಹೋಗಲಾಗಲಿಲ್ಲ. ಕಾಗದದಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಾಳೆ ಬೆಳಗಾಗುವುದರೊಳಗೆ ಏನಾದರೂ ಆಗಬೇಕು, ಅಷ್ಟೇ ಗೊತ್ತಿತ್ತು.

ಪಕ್ಕದ ಮನೆಯ ಶಾಲನ ಕಾಕು ತಮ್ಮ ಹಿತ್ತಲಿನ ಪೇರು ಗಿಡದ ಕೆಳಗೆ ಕಸ ಹೊಡೆಯುತ್ತಿದ್ದರು. ಮರಾಠಿ, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಜೈನರ ಹೆಣ್ಣುಮಗಳು. ಅವರ ಪೇರಲ ಹಣ್ಣು ನಮ್ಮ ಓಣಿಗೆಲ್ಲ ಹೆಸರುವಾಸಿ. ಅತ್ತೆಗೆ ಹಲ್ಲಿಲ್ಲದಿದ್ದರೂ ಚಮಚೆಯಿಂದ ತಿರುಳು ತೆಗೆದು ಬಾಯಲ್ಲಿಟ್ಟುಕೊಂಡು "ಏನ ಹಾಕಿ ಬೆಳಸ್ಯಾಳೋ ಇಕಿ" ಎಂದು ಕಣ್ಣು ಮುಚ್ಚುತ್ತಾರೆ.

"ಕಾಯ್ ವಿದ್ಯಾ, ಹೊಂಟಿ? ಈಗೀಗ ನನಗ ಕಸಾ ಹೊಡಿಯೂದು ಭಾಳ ಹಗರ ಆಗೇದ ನೋಡ" ಎಂದರು ಕಾಕು.

ಯಾಕೆ ಎಂದು ಕೇಳಬಹುದಿತ್ತು. ಆದರೆ ನಾನಾಗಲೇ ಹೆಲ್ಮೆಟ್ ಹಾಕಿಕೊಂಡಿದ್ದೆ. "ಚಲೋ ಆತ್ರಿ ಕಾಕು" ಎಂದು ಹೊರಟುಬಿಟ್ಟೆ.

ನನಗೆ ಈ ಕೆಲಸದಲ್ಲಿ ಖುಷಿ ಕೊಡುವುದು ಮಾರಾಟವಲ್ಲ, ಇಣುಕುವುದು. ಹೂಂ, ನಿಜ ಹೇಳಿಬಿಡುತ್ತೇನೆ. ಇಷ್ಟು ವರ್ಷ ಈ ಊರಲ್ಲಿ ಇದ್ದೂ ನಾನು ನೋಡದ ಎಷ್ಟೋ ಅಡಿಗೆಮನೆಗಳನ್ನು ಈ ಆರೇಳು ತಿಂಗಳಲ್ಲಿ ನೋಡಿದ್ದೇನೆ. ನಾಯಿಯ ಬಟ್ಟಲು ಎಲ್ಲಿದೆ ಎಂಬುದರಿಂದ ಮನೆಯ ಒಳಗಿನದೆಲ್ಲ ತಿಳಿಯುತ್ತದೆ. ಒಂದು ಮನೆಯಲ್ಲಿ ಅದು ಗಂಡನ ಕುರ್ಚಿಯ ಪಕ್ಕದಲ್ಲಿದೆ, ಹೆಂಡತಿ ಅದನ್ನು ಕಾಲಿನಿಂದ ಸರಿಸುತ್ತಾಳೆ. ಇನ್ನೊಂದು ಮನೆಯಲ್ಲಿ ಮಗಳ ಮದುವೆಯಲ್ಲಿ ಬಂದ ಬೆಳ್ಳಿಯ ಬಟ್ಟಲಿನಲ್ಲಿ ಬೆಕ್ಕು ಹಾಲು ಕುಡಿಯುತ್ತದೆ, ಮನೆಯ ಯಜಮಾನರ ಚಹಾದ ಕಪ್ಪಿಗೆ ಹಿಡಿಕೆ ಇಲ್ಲ.

ಈ ಇಣುಕುವ ಚಟ ಹತ್ತಿದ್ದು ಮಿರಜದ ಕಾನ್ವೆಂಟಿನಲ್ಲಿ. ತವರು ನನಗೆ ಮಿರಜವೇ. ನಾಲ್ಕನೆಯ ಇಯತ್ತೆಯಲ್ಲಿ ಸಿಸ್ಟರ್ ಬಿಯಾಟ್ರಿಸ್ ಎಂಬ ಮಲಯಾಳಿ ಸನ್ಯಾಸಿನಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. 'ನನ್ನ ಸಾಕುನಾಯಿ' ಎಂಬ ನಿಬಂಧ ಬರೆಯಲು ಹೇಳಿದರು. ಇಡೀ ವರ್ಗದಲ್ಲಿ ಯಾರ ಮನೆಯಲ್ಲೂ ಸಾಕುನಾಯಿ ಇರಲಿಲ್ಲ, ಆದರೂ ಎಲ್ಲರ ನಿಬಂಧದಲ್ಲೂ ಟಾಮಿ ಎಂಬ ನಾಯಿ ಇತ್ತು, ಅದು ಹಾಲು ಮತ್ತು ಬಿಸ್ಕೀಟು ತಿನ್ನುತ್ತಿತ್ತು, ಕಳ್ಳರನ್ನು ಹಿಡಿಯುತ್ತಿತ್ತು. ನಾನೊಬ್ಬಳೇ ಓಣಿಯ ನಾಯಿಯ ಬಗ್ಗೆ ಬರೆದಿದ್ದೆ. ನಮ್ಮವ್ವನೂ ಕೊನೆಯ ರೊಟ್ಟಿಯನ್ನು ನಾಯಿಗೆ ಬಡಿಯುತ್ತಿದ್ದಳು. 'ನಮ್ಮ ನಾಯಿ ದಿನಾಲು ಜೋಳದ ರೊಟ್ಟಿ ತಿನ್ನುತ್ತದೆ' ಎಂದು ಬರೆದಿದ್ದೆ.

ಸಿಸ್ಟರ್ ನನ್ನನ್ನು ಮೇಜಿನ ಹತ್ತಿರ ಕರೆದರು. ಕಾನ್ವೆಂಟಿನ ಬ್ರೂನೋ ಎಂಬ ದಪ್ಪ ನಾಯಿ ಅವರ ಕಾಲ ಬಳಿ ಮಲಗಿತ್ತು.

"ತಿನ್ನುವುದನ್ನು ನೀನು ನೋಡಿದ್ದೀಯಾ, ಮಗೂ?"

"ಇಲ್ಲ ಸಿಸ್ಟರ್. ಒಯ್ಯುವುದನ್ನು ನೋಡಿದ್ದೇನೆ."

"ಹಾಗಾದರೆ ಒಯ್ಯುತ್ತದೆ ಎಂದು ಬರೆ. ನೋಡಿದ್ದನ್ನಷ್ಟೇ ಬರೆಯಬೇಕು."

ನನಗೆ ಅಳುವೇ ಬಂದಿತ್ತು. ಟಾಮಿಗಳ ಬಗ್ಗೆ ಯಾರೂ ಏನೂ ಕೇಳಿರಲಿಲ್ಲವಲ್ಲ! ಆದರೆ ಅಂದಿನಿಂದ ಕಣ್ಣು ಸ್ವಲ್ಪ ಜಾಗೃತವಾಯಿತು. ಅವತ್ತು ಮನೆಗೆ ಬಂದು ನಾಯಿಯ ಹಿಂದೆ ಹೋಗಿ ನೋಡಬೇಕೆಂದುಕೊಂಡಿದ್ದೆ. ಹೋಗಲಿಲ್ಲ. ತಿರುವಿನ ಆಚೆ ಏನಾಗುತ್ತದೆ ಎಂಬುದು ಹಾಗೆಯೇ ಉಳಿಯಿತು.

ಇರಲಿ, ವಿಶ್ರಾಮಬಾಗಕ್ಕೆ ಬರೋಣ. ಅಲ್ಲಿ ಮೂರನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ಪ್ರಾಧ್ಯಾಪಕಿ ಇದ್ದಾರೆ. ಮರಾಠಿಯವರು. ಎಲ್ಲರೂ ಮ್ಯಾಡಮ್ ಎನ್ನುತ್ತಾರೆ, ಅವರ ನಾಯಿಯೂ ಹಾಗೆಯೇ ತಿಳಿದಿದೆಯೆಂದು ನನ್ನ ಅನುಮಾನ, ಅಷ್ಟು ಶಿಸ್ತು ಅದಕ್ಕೆ. ಚೀಲ ಇಳಿಸಿ, ನಾಯಿಯನ್ನು ಮತ್ತೆ ರೊಟ್ಟಿಗೆ ತರುವುದು ಹೇಗೆ ಎಂದು ಕೇಳಿದೆ.

"ಸುಲಭ" ಎಂದರು ಮ್ಯಾಡಮ್ ಮರಾಠಿಯಲ್ಲಿ. "ಎರಡು ದಿನ ಏನೂ ಹಾಕಬೇಡ. ಮೂರನೆಯ ದಿನ ಕಲ್ಲು ಕೊಟ್ಟರೂ ತಿನ್ನುತ್ತದೆ."

"ಅದು ಓಣಿಯ ನಾಯಿ, ಮ್ಯಾಡಮ್. ಮೂಲೆಯಲ್ಲಿ ಕೋಳಿ ಅಂಗಡಿ ಇದೆ."

"ಹಾಗಾದರೆ ಅದಕ್ಕೆ ಹಸಿವೇ ಇಲ್ಲ. ಹಸಿವಿಲ್ಲದವರಿಗೆ ಪಾಠ ಹೇಳಬಾರದು, ಮೂವತ್ತು ವರ್ಷ ಹೇಳಿ ಸೋತಿದ್ದೇನೆ" ಎಂದು ಬಾಗಿಲು ಮುಚ್ಚಿಕೊಂಡರು. ಒಳಗಿಂದ ನಾಯಿ ಒಂದೇ ಒಂದು ಸಲ, ಹೌದೆನ್ನುವಂತೆ ಬೊಗಳಿತು.

ಮಿರಜದ ದಾರಿ ಹಿಡಿದೆ. ದವಾಖಾನೆಗಳ ಮುಂದೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಗಂಟು ಬಿಚ್ಚಿ ರೊಟ್ಟಿ ಮುರಿಯುತ್ತ ಕುಳಿತಿದ್ದರು. ಅಲ್ಲಿಯ ಬೀದಿನಾಯಿಗಳು ಅವರ ಮುಂದೆ ಸಾಲಾಗಿ, ದೂರದ ನೆಂಟರ ಹಾಗೆ ವಿನಯದಿಂದ ಕೂತಿದ್ದವು. ಒಂದು ನಾಯಿಗೆ ತುಣುಕು ಸಿಕ್ಕಿತು. ಅದು ಎತ್ತಿಕೊಂಡು ಓಡಿತು. ತಿಂದದ್ದನ್ನು ನಾನು ನೋಡಲಿಲ್ಲ, ಹಿಂದೆ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದ.

ಅಂದಿನ ಕೊನೆಯ ಗಿರಾಕಿ ಸಿತಾರ ಮಾಡುವ ಒಬ್ಬ ಚಾಚಾ. ಅವರ ಕಾರಖಾನೆ ಎಂದರೆ ಒಂದು ಉದ್ದನೆಯ ಕೋಣೆ. ಮೇಲೆ ಅಟ್ಟದ ತುಂಬ ಒಣಗಿದ ದೊಡ್ಡ ದೊಡ್ಡ ಕುಂಬಳಕಾಯಿಯಂಥ ಬುರುಡೆಗಳು ತೂಗುತ್ತಿರುತ್ತವೆ. ಅವುಗಳಿಂದಲೇ ಸಿತಾರದ ಹೊಟ್ಟೆ ತಯಾರಾಗುವುದು. ಆ ಬುರುಡೆಗಳ ಬೀಜಕ್ಕೆ ಇಲಿಗಳು ಬರುತ್ತವೆ, ಇಲಿಗಳಿಗಾಗಿ ಚಾಚಾ ಒಂದು ಬೆಕ್ಕು ಇಟ್ಟಿದ್ದಾರೆ. ಬೆಕ್ಕಿಗೆ ವಯಸ್ಸಾಗಿದೆ. ಒಂದು ಅರ್ಧ ಕೊರೆದ ಬುರುಡೆಯಲ್ಲೇ ಅದರ ನಿದ್ದೆ.

ನನಗೆ ಮೊದಲಿಂದ ಒಂದು ಕುತೂಹಲವಿತ್ತು. ಅಂದು ಕೇಳಿಯೇ ಬಿಟ್ಟೆ. "ಚಾಚಾ, ನೀವು ಹೊಟ್ಟಿ ತುಂಬ ಹಾಕಿದ್ರ ಅದು ಇಲಿ ಯಾಕ ಹಿಡೀತೈತಿ?"

ಚಾಚಾ ಮಿರಜದ ಹಳೆಯ ಮನುಷ್ಯ, ಕನ್ನಡವನ್ನು ಒಡೆದು ಒಡೆದು ಆಡುತ್ತಾರೆ. "ಹಿಡಿಯೂದಿಲ್ಲ ಬೇಟಿ. ಯಾವಾಗರ ಹಿಡದೈತಿ ಅದು! ಆದ್ರ ಇಲಿಗೆ ಗೊತ್ತಿಲ್ಲ ಅಲ್ಲ? ಅದರ ವಾಸನಿ ಇದ್ರ ಸಾಕು, ಇಲಿ ಬರೂದಿಲ್ಲ. ವಾಸನಿಗೆ ಪಗಾರ ಕೊಡತೀನಿ ನಾ."

ಹೀಗೆ ಹೇಳಿ, ಪಾಕೀಟು ಒಡೆದು ತಿನಿಸನ್ನೆಲ್ಲ ಒಂದು ತಗಡಿನ ಡಬ್ಬಿಗೆ ಸುರಿದುಕೊಂಡು, ಚಹಾ ಕೊಟ್ಟರು. ಚಹಾದಲ್ಲಿ ಶುಂಠಿಗಿಂತ ಹೆಚ್ಚಾಗಿ ಅರಗಿನ ಪಾಲಿಶಿನ ವಾಸನೆ. "ಇಲ್ಲಿ ಎಲ್ಲಾಕ್ಕೂ ಹಿಡೀತೈತಿ. ನನ್ನ ಹೆಂಡ್ತಿ ಅಂತಾಳ, ನನ್ನ ಕನಸಿನಾಗೂ ಪಾಲಿಶ್ ವಾಸನಿ ಬರತೈತಿ ಅಂತ" ಎಂದು ನಕ್ಕರು.

ಆಗ ನನಗೆ ನಮ್ಮ ಅಂಗಡಿ ನೆನಪಾಯಿತು. ನಮ್ಮವರು ಹಿಂಡಿಯ ಚೀಲದ ಹತ್ತಿರ ಚಹಾಪುಡಿ ಇಡಲು ಯಾರಿಗೂ ಬಿಡುವುದಿಲ್ಲ. ಒಂದಕ್ಕೊಂದು ಮುಟ್ಟದಿದ್ದರೂ ವಾಸನೆ ದಾಟುತ್ತದೆ ಎನ್ನುತ್ತಾರೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಾನು ಅದನ್ನು ಕೆಡುಕೆಂದಷ್ಟೇ ತಿಳಿದಿದ್ದೆ, ಉಪಯೋಗಕ್ಕೂ ಬರಬಹುದೆಂದು ತಿಳಿದಿರಲಿಲ್ಲ.

"ಚಾಚಾ, ಆ ಖಾಲಿ ಪಾಕೀಟು ನನಗ ಕೊಡ್ರಿ."

ಹೊರಗೆ ಬಂದು, ಡಿಕ್ಕಿ ತೆಗೆದು, ಅತ್ತೆಯ ರೊಟ್ಟಿಯನ್ನು ಕಾಗದ ಸಮೇತ ಆ ಬೆಕ್ಕಿನ ತಿನಿಸಿನ ಪಾಕೀಟಿನೊಳಗೆ ಇಳಿಸಿ ಬಾಯಿ ಮಡಚಿದೆ. ಬೆಕ್ಕಿನದು ಮೀನಿನ ತಿನಿಸು ಎಂಬುದು ಮಡಚುವಾಗ ಮೂಗಿಗೆ ತಿಳಿಯಿತು. ರೊಟ್ಟಿಗೆ ಏನೂ ಹಚ್ಚಿಲ್ಲ, ಏನೂ ಮುಟ್ಟಿಸಿಲ್ಲ, ನಡುವೆ ಕಾಗದವಿದೆ, ಮಡಿ ಕೆಟ್ಟಿಲ್ಲ ಎಂದು ಸಾಂಗಲಿಯವರೆಗೂ ನನಗೆ ನಾನೇ ವಕೀಲಿ ಮಾಡುತ್ತ ಬಂದೆ. ಬಿಸಿಲಿಗೆ ಡಿಕ್ಕಿ ಕಾದಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತವನೊಬ್ಬ ಮೂಗು ಮುಚ್ಚಿಕೊಂಡು ನನ್ನನ್ನು, ನನ್ನ ಹಣೆಯ ಕುಂಕುಮವನ್ನು ಬೆರಗಾಗಿ ನೋಡಿದ.

ಮಧ್ಯಾಹ್ನ ಪಾಕೀಟನ್ನು ಜಿನೆಯ ಕೆಳಗೆ ಇಟ್ಟೆ. ಕೈ ತೊಳೆದೆ. ಎರಡು ಸಲ ತೊಳೆದೆ. ಊಟವಾದ ಮೇಲೆ ಅತ್ತೆ ಕಟ್ಟೆಗೆ ಬರಲಿಲ್ಲ. ಅಡಿಗೆಮನೆಯಲ್ಲೇ ಅದನ್ನಿದನ್ನು ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದರು. ನಾಯಿಗೆ ರೊಟ್ಟಿ ಹೋಗದೆ ಅವರಿಗೆ ಕೂಡುವ ಹೊತ್ತೇ ಬಂದಿರಲಿಲ್ಲ.

ಸಂಜೆ ಬಾಗಿಲಲ್ಲಿ ರಂಗೋಲಿಯ ಪಕ್ಕಕ್ಕೆ ಕಾಳ್ಯಾ ಎಂದಿನ ಹಾಗೆ ಸ್ಕೂಟರಿಗೆ ಮುಖ ಮಾಡಿ ಮಲಗಿದ್ದ. ನಾನು ರೊಟ್ಟಿಯನ್ನು ಪಾಕೀಟಿನಿಂದ, ಸುತ್ತಿದ್ದ ಕಾಗದದಿಂದ ಹೊರತೆಗೆದು, ಬೇರೆ ಕಾಗದದ ಮೇಲಿಟ್ಟುಕೊಂಡು ಅತ್ತೆಯನ್ನು ಕರೆದೆ.

"ಅತ್ತಿ, ಮುಂಜಾನಿ ರೊಟ್ಟಿ ಇನ್ನೂ ಐತ್ರಿ. ಇನ್ನೊಮ್ಮೆ ಹಾಕಿ ನೋಡ್ರೆಲ್ಲ."

"ನೀನ ಹಾಕು."

"ನಾ ಹಾಕಿದ್ರ ಕಾಳು ಅಂತ ತಿಳೀತಾನ. ನೀವ ಹಾಕಬೇಕ್ರಿ."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ರೊಟ್ಟಿ ಎತ್ತಿಕೊಂಡರು. ಕೈ ಅರ್ಧಕ್ಕೇ ನಿಂತಿತು. ಮೂಗಿನ ಹೊಳ್ಳೆ ಅರಳಿದವು. ರೊಟ್ಟಿಯನ್ನು ನೋಡಿದರು, ಜಿನೆಯ ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಗಂಟಲಲ್ಲಿ ಏನೋ ಕೆರೆದಂತಾಯಿತು.

"ಈಗ ನೀ ಕೆಮ್ಮೂದೂ ಬ್ಯಾಡ" ಎಂದರು ಅತ್ತೆ, "ನಾ ಕೇಳೂದೂ ಬ್ಯಾಡ."

ಹಾಗೆಂದು ಬಗ್ಗಿ, "ಕಾಳ್ಯಾ, ಯೂ ಯೂ" ಎಂದರು. ಕಾಳ್ಯಾ ತಲೆ ಎತ್ತಿದ. ಎದ್ದ. ಮೂಸಿದ. ನಾನು ಉಸಿರು ಹಿಡಿದಿದ್ದೆ, ಅತ್ತೆಯೂ ಹಿಡಿದಿದ್ದರು, ಆದರೆ ಅವರು ಅದನ್ನು ಒಪ್ಪುವುದಿಲ್ಲ. ಕಾಳ್ಯಾ ಮತ್ತೊಮ್ಮೆ ಮೂಸಿದ, ಈ ಸಲ ದೀರ್ಘವಾಗಿ, ಹಳೆಯ ಲೆಕ್ಕ ನೆನಪು ಮಾಡಿಕೊಳ್ಳುವವನ ಹಾಗೆ. ಆಮೇಲೆ ರೊಟ್ಟಿಯನ್ನು ಹಗುರಾಗಿ ಕಚ್ಚಿಕೊಂಡ. ಬಾಲ ಒಮ್ಮೆ ಅಲ್ಲಾಡಿತು. ಓಣಿಯ ತಿರುವಿನಲ್ಲಿ ಮರೆಯಾದ.

ಅತ್ತೆ ಅಲ್ಲೇ ನಿಂತು ಬಹಳ ಹೊತ್ತು ಆ ತಿರುವನ್ನೇ ನೋಡಿದರು. ನಂತರ ಹೊರಗಿನ ನಳದಲ್ಲಿ ಕೈ ತೊಳೆದುಕೊಂಡರು, ನನಗಿಂತ ಒಂದು ಸಲ ಹೆಚ್ಚಿಗೆ. ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದರು.

"ನೋಡಿದೆಲ್ಲ? ಮಂದಿ ಮುಂದ ಬಾಯಿ ಹಚ್ಚಲಿಲ್ಲ. ಮಾನವಂತ ನಾಯಿ" ಎಂದರು. ಮೊಣಕಾಲು ನೀವಿಕೊಳ್ಳುತ್ತ, "ನಾಳೆ ಒಂದ ಮುಷ್ಟಿ ಹಿಟ್ಟ ಹೆಚ್ಚಿಗಿ ತಗೀಬೇಕು. ರೊಟ್ಟಿ ಭಾಳ ಸಣ್ಣದಾಗೇತಿ ಪಾಪ. ಸೊರಗ್ಯಾನ" ಎಂದರು. ಸೊರಗಿದ ಲಕ್ಷಣ ನನಗೇನೂ ಕಂಡಿರಲಿಲ್ಲ. ಆದರೆ ಹೌದ್ರಿ ಎಂದೆ. ಅವರು ಒಳಗೆ ದೀಪ ಹಚ್ಚಲು ಎದ್ದು ಹೋದರು. ಹೋಗುವಾಗ ಏನೋ ಗುನುಗುತ್ತಿದ್ದರು.

ನಾನು ಕಾಗದ ಎತ್ತಿ ಹಾಕುತ್ತಿದ್ದಾಗ ಗೋಡೆಯ ಆಚೆಯಿಂದ ಶಾಲನ ಕಾಕುವಿನ ತಲೆ ಕಾಣಿಸಿತು. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಎರಡು ಪೇರಲ ಹಣ್ಣು.

"ಏನ ವಿದ್ಯಾ, ನಿಮ್ಮ ರೊಟ್ಟಿ ಮತ್ತ ಸುರು ಆತೇನ? ಈಗ ಬಂದ ನೋಡ ನಿಮ್ಮ ಕಾಳ್ಯಾ, ನನ್ನ ಪೇರು ಬುಡಕ ಗುಂಡಿ ಕೆದರಿ, ರೊಟ್ಟಿ ಹುಗದು, ಮೂಗಲೆ ಮಣ್ಣ ಸಪಾಟ ಮಾಡಿ ಹೋದ. ತಿಂಗಳ ದಿವಸ ಆರಾಮ ಇದ್ದೆ ನೋಡವಾ ನಾ."

"ಹುಗದು ಹೋದನ? ತಿನ್ನಲಿಲ್ಲೇನ್ರಿ ಕಾಕು?"

"ತಿನ್ನೂದು? ಯಾವ ಕಾಳ್ಯಾ ತಿಂದಾನ? ಇವನಕ್ಕಿಂತ ಮೊದಲಿನಾಂವನೂ ಇಲ್ಲೇ ಹುಗೀತಿದ್ದ, ಅವನಕ್ಕಿಂತ ಮೊದಲಿನಾಂವನೂ ಇಲ್ಲೇ." ಕಾಕು ಗೋಡೆಯ ಮೇಲಿಂದ ಹಣ್ಣು ನನ್ನ ಕೈಗಿತ್ತು, ಕಸಬರಿಗೆ ಝಾಡಿಸುತ್ತ ತಿರುಗಿದರು. "ತಗೋ, ನಿಮ್ಮ ಅತ್ತಿಗೆ ಕೊಡು. ಪುಣ್ಯಾಕ ಅಕಿ ರೊಟ್ಟಿಗೆ ಉಪ್ಪ ಹಾಕೂದಿಲ್ಲ ನೋಡ, ಹಾಕಿದ್ರ ಈ ಗಿಡ ಯಾವಾಗೋ ಒಣಗಿ ಹೋಗತಿತ್ತು."